‘ಹಚಾ’ದ ಕಾರ್ಡಿನಲ್ಲಿ ಒಂದು ಖಾಲಿ ಕಾಲಂ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ನಾಯಿಯಿಂದ ಶುರು ಮಾಡೋಣವೆಂದರೆ ಆ ನಾಯಿ ಅಲ್ಲಿ ಇತ್ತೋ ಇಲ್ಲವೋ ಎಂಬುದೇ ಇಡೀ ಕಥೆಯ ತಕರಾರು. ಸಂಡಿಗೆಯಿಂದ ಶುರು ಮಾಡಿದರೆ ನೀವು ಇದ್ಯಾವುದೋ ಅಡುಗೆ ಪುಸ್ತಕವೆಂದು ಮುಚ್ಚಿಟ್ಟುಬಿಡುತ್ತೀರಿ. ಬಸ್ಸಿನಿಂದ ಶುರು ಮಾಡಬಹುದಿತ್ತು, ಆದರೆ ಬಸ್ಸು ಹೊರಡುವ ಹೊತ್ತನ್ನು ನಂಬಿ ಯಾವ ಕೆಲಸವನ್ನೂ ಶುರು ಮಾಡಬಾರದು ಎಂದು ಈ ಕಡೆಯ ಕೂಸಿಗೂ ಗೊತ್ತು. ಹೀಗಾಗಿ ನನ್ನಿಂದಲೇ ಶುರು ಮಾಡುತ್ತೇನೆ. ಈ ಕಥೆಯಲ್ಲಿ ಖಂಡಿತವಾಗಿ ಇದ್ದೇನೆ ಎಂದು ಹೇಳಬಲ್ಲವನು ಸದ್ಯಕ್ಕೆ ನಾನೊಬ್ಬನೇ.

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಡಿಟಿಪಿ ಅಂಗಡಿ. ಕರೆಂಟು ಇದ್ದಾಗ ಲಗ್ನಪತ್ರಿಕೆ, ಕರೆಂಟು ಹೋದಾಗ ಕಥೆ. ಇಸವಿ ಎರಡು ಸಾವಿರ, ಕರೆಂಟು ಹೋಗುವುದೇ ಹೆಚ್ಚು, ಆದ್ದರಿಂದ ಕಥೆಗಳು ಬಹಳ ಸೇರಿವೆ, ಒಂದೂ ಮುಗಿದಿಲ್ಲ. ಅಂಗಡಿಯ ಹೊಸ್ತಿಲಿಗೆ ಅಡ್ಡವಾಗಿ ಒಂದು ಬಿಳಿ ನಾಯಿ ದಿನವಿಡೀ ಮಲಗಿರುತ್ತದೆ. ಗಿರಾಕಿ ಬಂದಾಗಲೆಲ್ಲ ನಾನು ಕಂಪ್ಯೂಟರಿನಿಂದ ಕಣ್ಣು ಎತ್ತದೆಯೇ “ಹಚಾ” ಎನ್ನುತ್ತೇನೆ. ಅದು ಎದ್ದು ಹೋಗಿ ಆಮೇಲೆ ಮತ್ತೆ ಬರುತ್ತದೆ. ಇದರಲ್ಲಿ ಕಥೆ ಇದೆಯೆಂದು ಮೊನ್ನೆಯವರೆಗೂ ನನಗೆ ಅನಿಸಿರಲಿಲ್ಲ.

ಮೊನ್ನೆ ಕ್ರಾಂತಿ ಬಂದಳು. ಕ್ರಾಂತಿ ಎಂದರೆ ನೀವು ತಿಳಿದ ಕ್ರಾಂತಿಯಲ್ಲ, ಕೂಡ್ಲಿಗಿಯ ಕಂಡಕ್ಟರ್ ಓಬಣ್ಣನ ಮಗಳು, ಕನ್ನಡ ಎಂ.ಎ. ಮುಗಿಸಿದವಳು. ಕೂಡ್ಲಿಗಿಯಿಂದ ಹಡಗಲಿಯವರೆಗಿನ ಆಡುಮಾತಿನ ನಿಘಂಟೊಂದು ತಯಾರಾಗುತ್ತಿದೆ. ಅದಕ್ಕೆ ಊರೂರಿನಿಂದ ಕಾರ್ಡು ಬರೆಸಿ ತರುವ ಕೆಲಸ ಅವಳದು. ಬೂಟಿನ ಡಬ್ಬಿಯ ತುಂಬ ಕಾರ್ಡು ತಂದು ನನ್ನ ಮೇಜಿನ ಮೇಲೆ ಸುರಿದಳು. ನಾನು ಮೇಲಿಂದ ಒಂದೊಂದೇ ತೆಗೆದು ನೋಡುತ್ತ ಹೋದೆ. ಒಂದು ಕಾರ್ಡಿಗೆ ಬಂದು ನಿಂತೆ.

ಶಬ್ದ: ಹಚಾ.
ಅರ್ಥ: ನಾಯಿಯನ್ನು ಓಡಿಸುವಾಗ ಮಾಡುವ ಕೂಗು.
ಯಾರು ಅಂದದ್ದು: ಬಿ. ನಾಗೇಂದ್ರಪ್ಪ, ಶಿಕ್ಷಕರು, ಕಾನಹೊಸಹಳ್ಳಿ.
ಯಾರಿಗೆ: (ಏನೂ ಇಲ್ಲ.)
ಸಾಕ್ಷಿ: ನೇರಳೆ ಮಸಿಯಲ್ಲಿ ಒಂದು ನಾಯಿಯ ಹೆಜ್ಜೆ. ಅದರ ಪಕ್ಕದಲ್ಲೇ, ದುಂಡಗಿನ ಅಕ್ಷರದಲ್ಲಿ, ಒಬ್ಬ ಮನುಷ್ಯನ ಸಹಿ.

“ಇಲ್ಲಿ ಯಾರಿಗೆ ಅಂತ ಏನು ಟೈಪ್ ಮಾಡ್ಲವ್ವ? ಖಾಲಿ ಐತಿ” ಎಂದೆ.

“ನನ್ನ ಕೇಳಬ್ಯಾಡ್ರಿ” ಎಂದಳು ಕ್ರಾಂತಿ. “ಆ ಸಹಿ ನಮ್ಮಪ್ಪಂದು. ಶನಿವಾರ ನಾಲ್ಕು ಗಂಟಿಗೆ ಬರ್ತೀನಿ, ಪ್ರೂಫ್ ರೆಡಿ ಇಡ್ರಿ.”

ನಾಯಿಯ ಹೆಜ್ಜೆಯ ಪಕ್ಕದಲ್ಲಿ ಓಬಣ್ಣನ ಸಹಿ ಏಕೆ ಬಂತು? ಕ್ರಾಂತಿ ಹೇಳಿದ್ದು ಸ್ವಲ್ಪ. ಉಳಿದದ್ದನ್ನು ನಾನು ಕಟ್ಟಿದ್ದೇನೆ. ಎಲ್ಲೆಲ್ಲಿ ಕಟ್ಟಿದ್ದೇನೆ ಎಂದು ಈಗ ನನಗೇ ಗೊತ್ತಾಗುತ್ತಿಲ್ಲ, ದಯವಿಟ್ಟು ಸಹಿಸಿಕೊಳ್ಳಿ.

೨

ನಾಗೇಂದ್ರಪ್ಪ ಮೇಷ್ಟ್ರ ಶಿಸ್ತು ಕಾನಹೊಸಹಳ್ಳಿಗೆಲ್ಲ ಗೊತ್ತು. ಹಾಜರಿ ಪುಸ್ತಕದಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಅವರಿಗೆ ಅಂದಿನ ಊಟ ಸೇರುವುದಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಪ್ರಾಣಿಗಳನ್ನು ಕರೆಯುವ, ನಿಲ್ಲಿಸುವ, ಓಡಿಸುವ ಕೂಗುಗಳ ಕಾರ್ಡುಗಳನ್ನೆಲ್ಲ ಕ್ರಾಂತಿ ಅವರಿಗೇ ವಹಿಸಿದಳು. ಅಪ್ಪನ ಬಾಲ್ಯದ ಗೆಳೆಯ, ಕೊಟ್ಟ ಕೆಲಸ ಕೆಡಿಸುವವರಲ್ಲ ಎಂಬ ನಂಬಿಕೆ.

ಮೇಷ್ಟ್ರು ಕಾರ್ಡಿನ ಹಿಂದೆ ಅಚ್ಚಾಗಿದ್ದ ಸೂಚನೆಗಳನ್ನು ಎರಡು ಸಲ ಓದಿದರು. ಯಾವ ಕಾಲಂ ಕೂಡ ಖಾಲಿ ಬಿಡಬಾರದು. ಕಲ್ಪಿಸಿದ ವಾಕ್ಯ ಬರೆಯಬಾರದು, ನಿಜವಾಗಿ ಆಡಿದ ಮಾತನ್ನೇ ಬರೆಯಬೇಕು. ಯಾರಿಗೆ ಅಂದದ್ದೋ ಅವರ ಸಹಿ ಇಲ್ಲವೇ ಗುರುತನ್ನು ಸಾಕ್ಷಿಯ ಕಾಲಮಿನಲ್ಲಿ ಪಡೆಯಬೇಕು.

ಬೇರೆ ಯಾರೇ ಆಗಿದ್ದರೂ ಈ ಮೂರನೆಯ ಸೂಚನೆ ಪ್ರಾಣಿಗಳಿಗಲ್ಲ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಮೇಷ್ಟ್ರು ಹೋಗಲಿಲ್ಲ. ಶಾಲೆಯ ಸ್ಟಾಂಪ್ ಪ್ಯಾಡನ್ನು ಜೋಬಿಗೆ ಹಾಕಿಕೊಂಡು ಹಿತ್ತಲ ಮನೆಯ ಭರಮಮ್ಮನ ಅಂಗಳಕ್ಕೆ ಹೋಗಿ, ಅವಳು “ಹುಶ್” ಎಂದು ಅಟ್ಟಿದ ಹುಂಜವನ್ನು ಹಿಡಿದು ಅದರ ಕಾಲಿಗೆ ಮಸಿ ಹಚ್ಚಿದರು.

“ಮೇಷ್ಟ್ರೇ, ನಮ್ಮ ಹುಂಜ ಏನ್ ನಿಮಗ ಹೊಲ ಮಾರೈತೇನ್ರಿ? ಹೆಬ್ಬೆಟ್ಟು ಒತ್ತಿಸ್ಕಣಾಕ ಹತ್ತೀರಿ!” ಎಂದು ಭರಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ರೂಲ್ ಐತಿ ಭರಮಮ್ಮ. ನಾನೇನ್ ಮಾಡ್ಲಿ?”

(ಇದು ನಾನು ಕಟ್ಟಿದ್ದಲ್ಲ. ‘ಹುಶ್’ ಕಾರ್ಡು ನನ್ನ ಮೇಜಿನ ಮೇಲಿದೆ. ಮೂರು ಬೆರಳು ಮುಂದೆ, ಒಂದು ಹಿಂದೆ. ‘ಯಾರಿಗೆ’ ಎಂಬಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘ಭರಮಮ್ಮನ ಕಂದು ಹುಂಜ’ ಎಂದಿದೆ. ನಾನೇ ಕಲ್ಪಿಸಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.)

ಹೀಗೆ ಹುಂಜ, ಮೇಕೆ, ಎಮ್ಮೆಯ ಕರು ಎಲ್ಲವೂ ಸಾಕ್ಷಿ ಹಾಕಿದವು. ‘ಹಚಾ’ ಶಬ್ದಕ್ಕೆ ಶಾಲೆಯ ಜವಾನ ಜಗಲಿಯಿಂದ ಓಡಿಸಿದ ನಾಯಿಯ ಹೆಜ್ಜೆ ಒತ್ತಿಸಿಕೊಂಡರು. ಓಡಿಸುವ ಕಾರ್ಡುಗಳ ಹಿಂದೆ, ಸೂಚನೆಗಳ ಕೆಳಗೆ, ಕೊನೆಗೊಂದು ಪ್ರಶ್ನೆ ಇತ್ತು: ಈ ಕೂಗನ್ನು ಮನುಷ್ಯರ ಮೇಲೆ ಬಳಸಿದ್ದುಂಟೇ? ಇದ್ದರೆ ಒಂದು ನಿಜವಾದ ಉದಾಹರಣೆ ಕೊಡಿ. ಮೇಷ್ಟ್ರು ‘ಇಲ್ಲ’ ಎಂದು ಬರೆದರು.

ಕಾರ್ಡು ತೆಗೆದುಕೊಳ್ಳಲು ಬಂದ ಕ್ರಾಂತಿ ಆ ‘ಇಲ್ಲ’ದ ಸುತ್ತ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿದಳು.

“ಇಲ್ಲ ಅಂತ ಬರದೀರಿ ಸರ್, ಸಹಿ ಮಾಡಿಲ್ಲ.”

“ಮರ್ತಿರಬೇಕವ್ವ.”

“ಈಗ ಮಾಡ್ರಿ ಹಂಗಾದ್ರ.”

ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆದರು. ಮತ್ತೆ ಹಾಕಿದರು. ಎದುರಿಗೆ ಕೂತವಳ ಹುಬ್ಬು ಥೇಟ್ ಓಬಣ್ಣನ ಹುಬ್ಬು. ಆ ಹುಬ್ಬಿನ ಎದುರು ಅವರಿಂದ ಸಹಿ ಹಾಕಲಾಗಲಿಲ್ಲ.

“ಒಂದು ವಾರ ಟೈಮ್ ಕೊಡು” ಎಂದರು.

೨ (ಮತ್ತೆ)

ಈಗ ಫ್ಲ್ಯಾಷ್‌ಬ್ಯಾಕ್. ಬೇಡವೆಂದರೆ ಬಿಟ್ಟು ಮುಂದೆ ಹೋಗಬಹುದು, ಆದರೆ ಆಮೇಲೆ ನನ್ನನ್ನು ಕೇಳಬಾರದು.

ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆ. ನಾಗೇಂದ್ರನಿಗೆ ಹದಿಮೂರು. ಮಾರನೆಯ ದಿನ ಏಳನೇ ಕ್ಲಾಸಿನ ಗಣಿತ ಪರೀಕ್ಷೆ. ಅಜ್ಜಿ ಕೊಟ್ರಬಸಮ್ಮ ಅಂಗಳದಲ್ಲಿ ಹಾಸಿದ ಧೋತರದ ಮೇಲೆ ಸಂಡಿಗೆ ಇಟ್ಟಿದ್ದಳು. ಕಾಯುವ ಕೆಲಸ ಮೊಮ್ಮಗನದು. ಒಂದು ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಂದರಲ್ಲಿ ತೊಗರಿ ಕಟ್ಟಿಗೆ. ಕಾಗೆ ಬಂದರೆ ಹುಶ್, ನಾಯಿ ಬಂದರೆ ಹಚಾ. ಬೆಳಗಿನಿಂದ ಅಂದು ಅಂದು ಈ ಕೂಗುಗಳು ಬಾಯಿಂದ ತಾವಾಗಿಯೇ ಬರುತ್ತಿದ್ದವು.

ಓಬಣ್ಣ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಹುಡುಗ. ಕೇರಿಯಿಂದ ಶಾಲೆಗೆ ಬರುತ್ತಿದ್ದವರಲ್ಲಿ ಏಳನೆಯ ಕ್ಲಾಸಿನವರೆಗೆ ಉಳಿದವನು ಅವನೊಬ್ಬನೇ. ಶಾಲೆಯೊಳಗೆ ಇಬ್ಬರೂ ಒಬ್ಬರಿಗೊಬ್ಬರು ‘ಲೇ’. ಶಾಲೆಯಿಂದ ಹೊರಗೆ ಬಂದರೆ ನಾಗೇಂದ್ರನ ಓಣಿ ಬೇರೆ, ಓಬಣ್ಣನ ಓಣಿ ಬೇರೆ. ಆ ದಿನ ನಾಗೇಂದ್ರ ತನ್ನ ಕಂಪಾಸ್ ಬಾಕ್ಸನ್ನು ಶಾಲೆಯಲ್ಲೇ ಮರೆತು ಬಂದಿದ್ದ. ಅದಿಲ್ಲದೆ ನಾಳೆ ಗೆಳೆಯ ಪರೀಕ್ಷೆ ಬರೆಯುವುದು ಹೇಗೆ ಎಂದು ಓಬಣ್ಣ ಅದನ್ನು ಹಿಡಿದುಕೊಂಡು ಉರಿಬಿಸಿಲಲ್ಲಿ ಈ ಓಣಿಗೆ ಬಂದ. ಅವನ ಹಿಂದೆ ಒಂದು ಕಂದು ನಾಯಿಯೂ ಬರುತ್ತಿತ್ತು.

“ಲೇ ನಾಗ್ಯಾ, ಸಂಡಿಗಿ!” ಎಂದು ಅಜ್ಜಿ ಬಾಗಿಲಿನಿಂದ ಕೂಗಿದಳು.

ನಾಗೇಂದ್ರ ಕಟ್ಟಿಗೆ ಎತ್ತಿದ. “ಹಚಾ!” ಎಂದ.

ಓಬಣ್ಣ ನಿಂತ. ಅಂಗಳದ ಅಂಚಿನ ಕಲ್ಲಿನ ಮೇಲೆ ಕಂಪಾಸ್ ಬಾಕ್ಸ್ ಇಟ್ಟ. ತಿರುಗಿ ಹೋದ. ಮರುದಿನ ನಾಗೇಂದ್ರ ಅದೇ ಕೈವಾರದಿಂದ ವೃತ್ತ ಎಳೆದು ಪರೀಕ್ಷೆ ಪಾಸಾದ.

೩

(ಹೊಡೆದುಹಾಕಿದ ಡ್ರಾಫ್ಟು. ಆದರೂ ಓದಿ.)

ಇದರಲ್ಲಿ ಎಲ್ಲವೂ ಮೇಲಿನಂತೆಯೇ, ಆದರೆ ನಾಯಿ ಇಲ್ಲ. ಬಿಸಿಲು, ಸಂಡಿಗೆ, ಅಜ್ಜಿ, ಅಂಗಳಕ್ಕೆ ಬರುತ್ತಿರುವ ಓಬಣ್ಣ, ಎತ್ತಿದ ಕಟ್ಟಿಗೆ. ಮತ್ತು ಆ ಕೂಗು.

ಇದನ್ನು ಬರೆದು ಮುಗಿಸುವಷ್ಟರಲ್ಲಿ ನಾಗೇಂದ್ರಪ್ಪ ಮೇಷ್ಟ್ರು ನನ್ನ ಅಂಗಡಿಗೇ ಬಂದರು. (ಬರಲಿಲ್ಲ. ಆದರೆ ಕಥೆಯಲ್ಲಿ ಬರಲೇಬೇಕಾಯಿತು.)

“ಏನ್ರೀ, ನಾಯಿ ತೆಗದೀರಿ? ಯಾರನ್ನ ಕೇಳಿ ತೆಗದ್ರಿ?”

“ನಾಯಿ ಇತ್ತಂತ ನಿಮಗ ಖಾತ್ರಿ ಐತೇನ್ರಿ ಮೇಷ್ಟ್ರೇ?”

“ಇತ್ರಿ. ಕಂದು ನಾಯಿ.”

“ಕಿವಿ ಹೆಂಗಿದ್ವು?”

“ಕಿವಿ ನೆನಪಿಲ್ಲ.”

“ಬಾಲ?”

ಮೇಷ್ಟ್ರು ಬೆಂಚಿನ ಮೇಲೆ ಕೂತುಬಿಟ್ಟರು. ನಿಜ ಹೇಳಬೇಕೆಂದರೆ ನಾಯಿಯ ಬಣ್ಣದ ಬಗ್ಗೆಯೂ ಅವರಿಗೆ ಖಾತ್ರಿ ಇರಲಿಲ್ಲ. ನಲವತ್ತಮೂರು ವರ್ಷಗಳಲ್ಲಿ ಆ ನಾಯಿ ನೆನಪಿಗೆ ಕೆಲವು ಸಲ ಕಂದಾಗಿ ಬಂದಿತ್ತು, ಕೆಲವು ಸಲ ಕರಿದಾಗಿ. ಜ್ವರ ಬಂದಾಗ ಒಮ್ಮೆ ಬಂದೇ ಇರಲಿಲ್ಲ. ಆ ಸಲ ಅವರಿಗೆ ಎಷ್ಟು ನಾಚಿಕೆಯಾಯಿತೆಂದರೆ ಹೆಂಡತಿ ಹಣೆ ಮುಟ್ಟಲು ಬಂದರೆ ಗೋಡೆಯ ಕಡೆ ಹೊರಳಿ ಮಲಗಿದ್ದರು.

“ಅಜ್ಜಿ ಬೈತಾಳಂತ ಅಂದದ್ದೂ ಇರಬಹುದು” ಎಂದರು ಮೆಲ್ಲಗೆ. “ಅವನು ಸಂಡಿಗಿ ಹತ್ರ ಬಂದ್ರ ಅಜ್ಜಿ ಎಲ್ಲಾ ಚೆಲ್ಲಿಸ್ತಿದ್ಲು. ಅದು ನನಗ ಗೊತ್ತಿತ್ತು. ಆದ್ರ ನಾಯಿ ಇದ್ದಿದ್ರ, ನಾಯಿಗೇ ಅಂದಿರಬೇಕು. ಹೌದಲ್ರಿ?”

ನನಗೇನು ಗೊತ್ತು? ಅವರ ಮುಖ ನೋಡಿ ಪಾಪ ಎನಿಸಿತು. ಓಬಣ್ಣನನ್ನು ನೆನೆದು ಸಿಟ್ಟೂ ಬಂತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ವಾಕ್ಯ ಬರೆಯಲು ನನಗೆ ಬರುವುದಿಲ್ಲ. ನಾಯಿಯನ್ನು ಸದ್ಯಕ್ಕೆ ಕಂಸದಲ್ಲಿ ಇಟ್ಟಿದ್ದೇನೆ: (ನಾಯಿ).

೪

ಇಷ್ಟು ವರ್ಷ ಅವರು ಓಬಣ್ಣನನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬಹುದಿತ್ತು. ಪರೀಕ್ಷೆಯ ದಿನ ಓಬಣ್ಣ ಎಂದಿನಂತೆ ಅದೇ ಬೆಂಚಿನಲ್ಲಿ ಬಂದು ಕೂತಿದ್ದ, ಏನೂ ಹೇಳಲಿಲ್ಲ. ಆಮೇಲೆ ಒಬ್ಬರು ಮೇಷ್ಟ್ರಾದರು, ಇನ್ನೊಬ್ಬರು ಸರಕಾರಿ ಬಸ್ಸಿನ ಕಂಡಕ್ಟರಾದರು. ಇವರ ಮದುವೆಗೆ ಅವರು ಬಂದರು, ಅವರ ಮಗಳ ಹೆಸರಿಡುವ ದಿನ ಇವರು ಹೋಗಿ ಬುದ್ಧನ ಫೋಟೋದ ಕೆಳಗೆ ಕೂತು ಪಾಯಸ ಉಂಡು ಬಂದರು. ಬಸ್ಸಿನಲ್ಲಿ ಮೇಷ್ಟ್ರನ್ನು ಕಂಡರೆ ಓಬಣ್ಣ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದರು. “ಬರ್ರಿ ಮೇಷ್ಟ್ರೇ, ಕುಂದರ್ರಿ” ಎನ್ನುತ್ತಿದ್ದರು.

ಎಲ್ಲವೂ ಸರಿಯಾಗಿಯೇ ಇತ್ತು, ಒಂದನ್ನು ಬಿಟ್ಟು. ಓಬಣ್ಣ ಆ ಬೇಸಿಗೆಯ ನಂತರ ಅವರನ್ನು ಒಮ್ಮೆಯೂ ‘ಲೇ’ ಎಂದಿರಲಿಲ್ಲ. ದೊಡ್ಡವರಾದ ಮೇಲೆ ಯಾರು ಲೇ ಅಂತಾರೆ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡಿದ್ದರು. ಆದರೆ ಓಬಣ್ಣ ತಮ್ಮ ಡ್ರೈವರನಿಗೆ ಈಗಲೂ ಲೇ ಅನ್ನುತ್ತಿದ್ದರು.

ಕೊಟ್ಟ ವಾರ ಮುಗಿಯುವ ಹಿಂದಿನ ದಿನ ಮೇಷ್ಟ್ರು ರಜೆ ಚೀಟಿ ಬರೆದಿಟ್ಟು, ಕಾರ್ಡನ್ನು ಅಂಗಿಯ ಜೋಬಿನಲ್ಲಿಟ್ಟುಕೊಂಡು ಕೂಡ್ಲಿಗಿಗೆ ಹೋಗಿ ಓಬಣ್ಣನ ಬಸ್ಸು ಹತ್ತಿದರು. ಕೊಟ್ಟೂರು, ಹರಪನಹಳ್ಳಿ ಮೇಲೆ ತೆಲಿಗಿಗೆ ಹೋಗುವ ಬಸ್ಸು.

“ಎಲ್ಲಿಗ್ರಿ ಮೇಷ್ಟ್ರೇ?”

“ತೆಲಿಗಿಗೆ.”

“ತೆಲಿಗ್ಯಾಗ ಯಾರದಾರ್ರಿ ನಿಮಗ?”

“ಯಾರಿಲ್ಲ” ಎಂದರು ಮೇಷ್ಟ್ರು. ಸುಳ್ಳು ಹೇಳುವುದು ಅವರಿಗೆ ರೂಢಿಯಿರಲಿಲ್ಲ. ಓಬಣ್ಣ ಒಮ್ಮೆ ಮುಖ ನೋಡಿ, ಟಿಕೆಟ್ ಹರಿದು ಕೊಟ್ಟು ಹಿಂದಿನ ಸೀಟಿಗೆ ಹೋದರು.

೫

ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಬೇಕು, ಆದರೆ ಮುಂದಿನ ಗಾಲಿಯ ನೆರಳಿನಲ್ಲಿ ಒಂದು ನಾಯಿ ಮಲಗಿದೆ. (ಇದು ನಿಜವಾದ ನಾಯಿ. ಇದಕ್ಕೆ ಕಂಸ ಬೇಡ.) ಡ್ರೈವರ್ ಹಾರನ್ ಹೊಡೆದ. ಕಿಟಕಿಯಿಂದ ತಲೆ ಹಾಕಿ ನಾಲ್ಕೈದು ಮಂದಿ “ಹಚಾ, ಹಚಾ” ಎಂದರು. ನಾಯಿ ಒಂದು ಕಿವಿ ಅಲುಗಿಸಿ ಸುಮ್ಮನಾಯಿತು.

“ಕಂಡಕ್ಟ್ರೇ, ಇಳದು ಒಂದೀಟು ಜೋರಾಗಿ ಹಚಾ ಅನ್ರಿ ಅದಕ್ಕ” ಎಂದಳು ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸು.

ಓಬಣ್ಣ ಇಳಿದರು. ನಾಯಿಯ ಹತ್ತಿರ ಹೋಗಿ ಬಗ್ಗಿ, ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಸಣ್ಣಗೆ ಊದಿದರು. ನಾಯಿ ಎದ್ದಿತು, ಮೈ ಮುರಿಯಿತು, ಹಣ್ಣಿನ ಗಾಡಿಯ ಕಡೆ ಹೋಯಿತು. ಓಬಣ್ಣ ಹತ್ತಿ ಅದೇ ಸೀಟಿಯನ್ನು ಎರಡು ಸಲ ಊದಿ ಬಸ್ಸು ಬಿಡಿಸಿದರು.

ಮುಂದಿನ ಸೀಟಿನಲ್ಲಿ ಕೂತ ಮೇಷ್ಟ್ರು ಜೋಬಿನ ಕಾರ್ಡನ್ನು ಮುಟ್ಟಿ ನೋಡಿಕೊಂಡರು. ಓಬಣ್ಣನ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದ್ದಾರೆ! ಕೂಡ್ಲಿಗಿಯಲ್ಲಿ ಮೇಕೆ ಅಡ್ಡ ಬಂದಾಗ ಸೀಟಿ. ಹಂದಿ ಬಂದಾಗ ಸೀಟಿ. ಮನೆಗೆ ಹೋದಾಗಲೂ, ಅಡುಗೆಮನೆಗೆ ನಾಯಿ ನುಗ್ಗಿದರೆ ಓಬಣ್ಣ ಚಪ್ಪಾಳೆ ತಟ್ಟುತ್ತಿದ್ದರು. ಆ ಒಂದು ಶಬ್ದವನ್ನು ಅವರ ಬಾಯಲ್ಲಿ ಕೇಳಿದ ನೆನಪು ಒಂದೂ ಬರಲಿಲ್ಲ.

ಅಂದರೆ ಓಬಣ್ಣನಿಗೆ ಅಂದು ಕೇಳಿಸಿತ್ತು. ಕೇಳಿಸಿ, ನೆನಪೂ ಇತ್ತು. ಮೇಷ್ಟ್ರಿಗೆ ಬಸ್ಸಿನಿಂದ ಇಳಿದು ಓಡಿಹೋಗಬೇಕು ಎನಿಸಿತು.

(ತಡೆಯಿರಿ. ಸೀಟಿ ಊದುವುದು ಕಂಡಕ್ಟರನ ಉದ್ಯೋಗವಲ್ಲವೇ? ಕೊರಳಲ್ಲಿ ಸೀಟಿ ಇರುವವನು ಕೂಗು ಏಕೆ ಹಾಕಬೇಕು? ಮೇಷ್ಟ್ರು ಸುಮ್ಮನೆ ಇಲ್ಲದ್ದನ್ನು ಕಾಣುತ್ತಿರಬಹುದು. ಅಥವಾ ನಾನು ಕಾಣಿಸುತ್ತಿರಬಹುದು. ನೀವು ಯಾರನ್ನು ನಂಬುತ್ತೀರಿ ಎಂದು ನನಗೆ ಕುತೂಹಲವಿದೆ. ನನಗಂತೂ ತಲೆ ಕೆಟ್ಟಿದೆ.)

೬ (ಅ)

ತೆಲಿಗಿ. ಬಸ್ಸು ಅರ್ಧ ತಾಸು ನಿಲ್ಲುತ್ತದೆ. ಬೇವಿನ ಮರದ ಕೆಳಗೆ ಇಬ್ಬರೂ ಕೂತರು. ಮೇಷ್ಟ್ರು ನಡುಗುವ ಕೈಯಿಂದ ಕಾರ್ಡು ತೆಗೆದು ಎಲ್ಲವನ್ನೂ ಹೇಳಿದರು. ಓಬಣ್ಣನ ಕಣ್ಣು ತುಂಬಿ ಬಂದವು. ಅವರು ಗೆಳೆಯನನ್ನು ಬಾಚಿ ತಬ್ಬಿಕೊಂಡು, ಹೋಗಲಿ ಬಿಡ್ರಿ, ಯಾವ ಕಾಲದ ಮಾತು...

“ನಾ ಯಾವಾಗ ಅತ್ತೆ?” ಎಂದು ಓಬಣ್ಣ ನಡುವೆಯೇ ತಡೆದರು. “ಹಂಗೆಲ್ಲ ಬರೀಬ್ಯಾಡ್ರಿ. ನಮ್ಮ ಮಗಳು ಓದ್ತಾಳ.”

ಹೊಡೆದುಹಾಕಿದೆ.

೬ (ಆ)

ಓಬಣ್ಣ ಎದ್ದು ನಿಂತರು. ಸಾವಿರಾರು ವರ್ಷಗಳ ಸಿಟ್ಟು ಅವರ ದನಿಯಲ್ಲಿ ಮೊಳಗಿತು. (ಇಲ್ಲಿ ಒಂದೂವರೆ ಪುಟದ ಭಾಷಣವಿತ್ತು. ನಾನು ಇದುವರೆಗೆ ಬರೆದದ್ದರಲ್ಲೇ ಒಳ್ಳೆಯ ವಾಕ್ಯಗಳು.)

“ಛಲೋ ಐತ್ರಿ” ಎಂದರು ಓಬಣ್ಣ, ಪೂರ್ತಿ ಓದಿ. “ಆದ್ರ ಬಸ್ಸು ನಿಲ್ಲೋದು ಅರ್ಧ ತಾಸು. ಇಷ್ಟೆಲ್ಲ ನಾ ಮಾತಾಡಿದ್ರ ಊಟ ಯಾವಾಗ ಮಾಡ್ಲಿ? ಮತ್ತ, ಇದು ನಿಮ್ಮ ಸಿಟ್ಟು. ನನ್ನ ಬಾಯಾಗ ಯಾಕ ಇಡ್ತೀರಿ?”

ನನ್ನ ಮುಖ ಸಣ್ಣದಾಯಿತು. ಅದನ್ನೂ ಹೊಡೆದುಹಾಕಿದೆ. ಪುಟ ಹರಿದು ಚೂರು ಮಾಡುವಾಗ ಕೈ ಬರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

೬

ಇಬ್ಬರೂ ಬೇವಿನ ಮರದ ಕೆಳಗೆ ಕೂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಓಬಣ್ಣ ಕಾರ್ಡನ್ನು ಇಸಿದುಕೊಂಡು, ಬಸ್ ಪಾಸ್ ನೋಡುವಂತೆ ಹಿಂದೆ ಮುಂದೆ ತಿರುವಿ ಪೂರ್ತಿ ಓದಿದರು. ಸೂಚನೆಗಳನ್ನೂ ಓದಿದರು.

“ಇದು ನಾಯಿ ಹೆಜ್ಜೀನ್ರಿ?”

“ಹೂಂ.”

“ಇಲ್ಲ ಅಂತ ಬರದೀರಿ. ಸಹಿ ಯಾಕ ಮಾಡಿಲ್ಲ?”

“ಅದನ್ನ ಕೇಳಾಕ ಬಂದೀನಿ ಓಬಣ್ಣ.” ಮೇಷ್ಟ್ರು ನೀರು ಕುಡಿದು ಮುಂದುವರಿಸಿದರು. “ಗಣಿತ ಪರೀಕ್ಷಿ ಹಿಂದಿನ ದಿನ. ನೀನು ಕಂಪಾಸ್ ಬಾಕ್ಸ್ ತಂದಿದ್ದಿ. ನಾನು ಸಂಡಿಗಿ ಕಾಯ್ತಿದ್ದೆ. ನಿನ್ನ ಹಿಂದ ಒಂದು ನಾಯಿ ಇತ್ತು. ಇತ್ತಲ್ಲ?”

ಓಬಣ್ಣ ಬಾಯಲ್ಲಿದ್ದದ್ದನ್ನು ಅಗಿದು ನುಂಗಿದರು. ಡ್ರೈವರ್ ಆಚೆ ಚಹಾದ ಅಂಗಡಿಯಲ್ಲಿ ಯಾರಿಗೋ ಜೋರಾಗಿ ಏನೋ ಹೇಳುತ್ತಿದ್ದ.

“ಇತ್ತಲೇ” ಎಂದರು ಓಬಣ್ಣ.

ಮೇಷ್ಟ್ರ ಎದೆಯಿಂದ ನಲವತ್ತಮೂರು ವರ್ಷದ ಭಾರ ಇಳಿಯಿತು. ನಾಯಿ ಇತ್ತು! ಅದರ ಜೊತೆಗೆ ಆ ‘ಲೇ’. ಅವರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. (ಮೇಷ್ಟ್ರ ಕಣ್ಣೀರಿಗೆ ಓಬಣ್ಣ ಆಕ್ಷೇಪಣೆ ಮಾಡಲಿಲ್ಲ.) ಕಂಸದೊಳಗಿನ ನಾಯಿಯನ್ನು ನಾನೂ ಹೊರಗೆ ಬಿಟ್ಟೆ. ಕಥೆ ಇಲ್ಲಿಗೆ ಮುಗಿಸಿದ್ದರೆ ಎಲ್ಲರಿಗೂ ಚೆನ್ನಾಗಿತ್ತು. ಆದರೆ ಓಬಣ್ಣನ ಮಾತು ಮುಗಿದಿರಲಿಲ್ಲ.

“ಕರಿ ನಾಯಿ. ಬಾಲ ಅರ್ಧ ಕಡದಿತ್ತು. ಆದ್ರ ಅದು ಹೋಗಲಿಲ್ಲಲೇ ನಾಗ್ಯಾ. ನೀ ಹಚಾ ಅಂದೆ, ಅದು ಅಲ್ಲೇ ನಿಂತಿತ್ತು. ಹೋದಾಂವ ನಾನು.”

ಮೇಷ್ಟ್ರು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಪೇಪರಿನ ಮೇಲೆ ಇಟ್ಟರು.

“ನಾ ಅಂದದ್ದು ನಾಯಿಗೆ...”

“ಖರೇನ? ನಿನಗ ಗೊತ್ತೈತೇನು?”

ಸಂಡಿಗೆ, ಬಿಸಿಲು, ಬಾಗಿಲಲ್ಲಿ ಅಜ್ಜಿ, ಎತ್ತಿದ ಕಟ್ಟಿಗೆ. ಕಟ್ಟಿಗೆ ಯಾರ ಕಡೆ ಇತ್ತು ಎಂದು ಮೇಷ್ಟ್ರು ಎಷ್ಟು ನೋಡಿದರೂ ಕಾಣಲಿಲ್ಲ.

“ಗೊತ್ತಿಲ್ಲ” ಎಂದರು.

“ನನಗೂ ಗೊತ್ತಿಲ್ಲ” ಎಂದರು ಓಬಣ್ಣ. “ಅವತ್ತು ರಾತ್ರಿ ನಮ್ಮವ್ವನ ಮುಂದ ಹೇಳಬೇಕಂದೆ. ಏನಂತ ಹೇಳ್ಲಿ? ನಿನಗಂತ ಯಾರಂದ್ರು, ನಾಯಿಗೆ ಅಂದಿರಬೇಕು ಅಂತಿದ್ಲು. ಇರಬಹುದು. ನಾಯಿಗೇ ಅಂದಿದ್ರ ನನ್ನ ಕಾಲು ಯಾಕ ತಿರುಗಿದ್ವು? ಇಷ್ಟು ವರ್ಷ ನಾ ನಿನ್ನ ಬಗ್ಗಿ ಯೋಚ್ನಿ ಮಾಡಿಲ್ಲ. ನನ್ನ ಕಾಲಿನ ಬಗ್ಗಿ ಮಾಡೀನಿ. ನಾಯಿಗೆ ತಿ‍ಳೀತು ಇದು ನನಗಲ್ಲ ಅಂತ. ನನಗ ಯಾಕ ತಿಳೀಲಿಲ್ಲ?”

ಮೇಷ್ಟ್ರಿಗೆ ಕ್ಷಮಿಸು ಎನ್ನಬೇಕೆನಿಸಿತು. ಆದರೆ ಯಾವುದಕ್ಕೆ ಎಂದು ತಿಳಿಯದೆ ಹೇಳಿದರೆ ಅದೂ ಒಂದು ಸುಳ್ಳು ಸಹಿಯಾದೀತು ಎಂದು ಹೆದರಿದರು. ಅವರು ಪೆನ್ನು ತೆಗೆದು ‘ಇಲ್ಲ’ ಎಂಬುದನ್ನು ಹೊಡೆದುಹಾಕಿದರು. ‘ಯಾರು ಅಂದದ್ದು’ ಎಂಬಲ್ಲಿದ್ದ ಶಾಲೆಯ ಜವಾನನ ಹೆಸರನ್ನೂ ‘ಯಾರಿಗೆ’ ಎಂಬಲ್ಲಿದ್ದ ‘ಶಾಲೆಯ ನಾಯಿ’ಯನ್ನೂ ಬ್ಲೇಡಿನಿಂದ ಕೆರೆದು, ಮೊದಲನೆಯದರಲ್ಲಿ ತಮ್ಮ ಹೆಸರು ಬರೆದರು. ಮುಂದಿನ ಕಾಲಮಿಗೆ ಬಂದು ಪೆನ್ನು ನಿಂತಿತು.

“ಇಲ್ಲಿ ಏನು ಬರೀಲಿ ಓಬಣ್ಣ?”

“ಕೊಡು ಇಲ್ಲಿ.” ಓಬಣ್ಣ ಕಾರ್ಡನ್ನು ಟಿಕೆಟ್ ಚೀಲದ ಮೇಲೆ ಇಟ್ಟುಕೊಂಡು, ನಾಯಿಯ ಹೆಜ್ಜೆಯ ಪಕ್ಕದಲ್ಲಿ ನಿಧಾನವಾಗಿ ಸಹಿ ಮಾಡಿದರು. “ನಾನೂ ಇದ್ದೆ, ಅದೂ ಇತ್ತು. ಇಬ್ರೂ ಸಾಕ್ಷಿ. ಯಾರಿಗೆ ಅನ್ನೋದು ಅಂದಾಂವ ಬರೀಬೇಕು.”

ಕೈ ಒರೆಸಿಕೊಂಡು ಎದ್ದರು. ಡ್ರೈವರ್ ಬಂದು ಕೂತಿದ್ದ.

“ಏಳ್ರಿ ಮೇಷ್ಟ್ರೇ, ಟೈಮಾತು” ಎಂದರು. ಮತ್ತೆ ‘ರಿ’.

ಹರಪನಹಳ್ಳಿ ಬರುವವರೆಗೆ ಮೇಷ್ಟ್ರು ಪೆನ್ನು ಹಿಡಿದೇ ಕೂತಿದ್ದರು. ಕೊಟ್ಟೂರು ಬಂತು, ಕೂಡ್ಲಿಗಿ ಬಂತು. ಮರುದಿನ ಕಾರ್ಡನ್ನು ಹಾಗೆಯೇ ಕ್ರಾಂತಿಯ ಕೈಗೆ ಕೊಟ್ಟರು. ಯಾವ ಕಾಲಂ ಕೂಡ ಖಾಲಿ ಬಿಡಬಾರದೆಂಬ ರೂಲನ್ನು ನಾಗೇಂದ್ರಪ್ಪ ಮೇಷ್ಟ್ರು ಮುರಿದದ್ದು ಅದೊಂದೇ ಸಲ.

೭

ಈಗ ಶನಿವಾರ, ನಾಲ್ಕಕ್ಕೆ ಐದು ನಿಮಿಷ. ಅಪರೂಪಕ್ಕೆ ಕರೆಂಟು ಇದೆ. ಆ ಕಾರ್ಡೊಂದನ್ನು ಬಿಟ್ಟು ಎಲ್ಲ ಟೈಪ್ ಮಾಡಿದ್ದೇನೆ. ‘ಯಾರಿಗೆ’ ಎಂಬಲ್ಲಿ ‘ನಾಯಿಗೆ’ ಎಂದು ಕೂಡಿಸಿದೆ, ಅಳಿಸಿದೆ. ‘ಓಬಣ್ಣನಿಗೆ’ ಎಂದು ಕೂಡಿಸಿದೆ. ಆ ಹೆಸರು ಅಲ್ಲಿ ಅಚ್ಚಾಗಿ, ಪುಸ್ತಕವಾಗಿ, ನಾಳೆ ಅವರ ಮೊಮ್ಮಕ್ಕಳು ಓದುವುದನ್ನು ನೆನೆದು ಅಳಿಸಿದೆ. ‘ಇಬ್ಬರಿಗೂ’ ಎಂದೂ ಒಮ್ಮೆ ಹಾಕಿದೆ, ಅಸಹ್ಯವಾಯಿತು. ಒಂದು ಗೆರೆ ಎಳೆದುಬಿಡೋಣವೆಂದರೆ ಗೆರೆ ನೋಡಿದವರು ಅಲ್ಲಿ ಯಾರೂ ಇರಲಿಲ್ಲ ಎಂದುಕೊಳ್ಳುತ್ತಾರೆ.

ನಿಮಗೆ ಗೊತ್ತಿದ್ದರೆ ಹೇಳಿ. ಇಷ್ಟು ದೂರ ಓದಿದ್ದೀರಿ, ಸ್ವಲ್ಪ ಜವಾಬ್ದಾರಿ ನಿಮಗೂ ಇದೆ.

ಬಾಗಿಲಲ್ಲಿ ನೆರಳು ಬಿತ್ತು. ಹೊಸ್ತಿಲಿಗೆ ಅಡ್ಡವಾಗಿ ಬಿಳಿ ನಾಯಿ ಮಲಗಿದೆ. ಅದರ ಆಚೆ, ಬಿಸಿಲಿನಲ್ಲಿ, ಕೈಯಲ್ಲಿ ಖಾಲಿ ಬೂಟಿನ ಡಬ್ಬಿ ಹಿಡಿದು ಕ್ರಾಂತಿ ನಿಂತಿದ್ದಾಳೆ.

“ಅದನ್ನ ಸ್ವಲ್ಪ ಓಡಸ್ರಿ” ಎನ್ನುತ್ತಿದ್ದಾಳೆ. “ನಾ ಒಳಗ ಬರಬೇಕು.”

ನಾನು ಎದ್ದು ನಿಂತಿದ್ದೇನೆ. ಬಾಯಿ ತೆರೆದಿದ್ದೇನೆ. ದಿನಕ್ಕೆ ಇಪ್ಪತ್ತು ಸಲ ಅನ್ನುವ ಮಾತು ಹಲ್ಲಿನ ಹಿಂದೆಯೇ ಇದೆ. ನಾಯಿ ತಲೆಯೆತ್ತಿ ನನ್ನನ್ನೇ ನೋಡುತ್ತಿದೆ, ಕ್ರಾಂತಿಯೂ ನೋಡುತ್ತಿದ್ದಾಳೆ.

ನನ್ನ ಹತ್ತಿರ ಸೀಟಿ ಇಲ್ಲ.